ಮನಶ್ಶಾಸ್ತ್ರವು ವಿಜ್ಞಾನವೆಂದು ಎಣಿಕೆಗೆ ಬರುವುದೋ?

ನಮ್ಮ ಶಾಲೆಯಲ್ಲಿ ಕಲಿತು ಹೊರಟ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದೂರದೇಶಗಳಲ್ಲಿ ನೆಲೆಸಿ ಸಂಸಾರ ನಡಿಸುತ್ತಿರುವರಷ್ಟೆ. ಅವರ ಮಕ್ಕಳು ದೊಡ್ಡವರಾಗಿ ಉಚ್ಚ ವಿದ್ಯೆಗೆ ಸಿದ್ಧರಾಗುವ ಸಮಯದಲ್ಲಿ ತಾಯಂದಿರು ತಮ್ಮ ಹಳೆಯ ಶಾಲೆಯನ್ನು ನೆನಸಿಕೊಂಡು ಸಲಹೆ ಕೇಳಿ ಕಾಗದ ಬರೆಯುವುದುಂಟು. ಇದು ನಮಗೆ ಸಂತೋಷದ ವಿಷಯವೇ. ಆದರೆ ಸಲಹೆ ಕೊಡುವವರಿಗೆ ಪ್ರೀತಿಯೊಂದಿದ್ದರೆ ಸಾಲದು, ವಿಷಯದ ತಿಳಿವಳಿಕೆಯೂ ಇರಬೇಕೆಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿಯಬೇಕಾಯಿತು. ಆ ತಪ್ಪನ್ನು ಒಪ್ಪಿಕೊಂಡು, ಅದರಿಂದ ತಿಳಿದುಬಂದ ಸಂಗತಿಗಳನ್ನು ಹೆತ್ತವರ ಉಪಯೋಗಕ್ಕಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ, ಇದೇ ಶಾಲೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು ಕಲಿತ ಗೆಳತಿಯೊಬ್ಬಳು ಅಮೆರಿಕದಿಂದ ನನಗೆ ಕಾಗದ ಬರೆದಳು. ಅವಳ ಮಗಳು ಅಲ್ಲಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದುತ್ತಿದ್ದಳು; ಮುಂದೆ ವೈದ್ಯಳಾಗಬೇಕೆಂಬುದು ಆಕೆಯ ಹಂಬಲ. ವೈದ್ಯಕೀಯ ಕಾಲೇಜಿನವರು ಮನಶ್ಶಾಸ್ತ್ರದ ಗುಣಾಂಕಗಳನ್ನು ವಿಜ್ಞಾನದ ಗುಣಾಂಕಗಳೊಡನೆ ಸೇರಿಸುವರೋ ಎಂದು ಗೆಳತಿಯು ಕೇಳಿದ್ದಳು. ಶಿಕ್ಷಕಿಯರ ತರಬೇತಿಯಲ್ಲಿ ನೀನು ಆ ಶಾಸ್ತ್ರವನ್ನು ಓದಿದವಳಲ್ಲವೇ, ನಿನಗೆ ತಿಳಿದಿರಬೇಕು ಎಂದೂ ಬರೆದಿದ್ದಳು. ಆ ಮಾತಿನಿಂದ ನನಗೆ ತುಸು ಹೆಮ್ಮೆಯಾಯಿತೆಂದು ಹೇಳಬೇಕು. ಯಾರನ್ನೂ ವಿಚಾರಿಸದೆ, ಮನಶ್ಶಾಸ್ತ್ರವು ವಿಜ್ಞಾನವೇ ಸರಿ, ಸಂಶಯ ಬೇಡ ಎಂದು ಉತ್ತರ ಬರೆದುಬಿಟ್ಟೆನು.

ನನ್ನ ಉತ್ತರವು ಒಂದು ಅರ್ಥದಲ್ಲಿ ಸುಳ್ಳಾಗಿರಲಿಲ್ಲ. ಜರ್ಮನಿಯ ಲೈಪ್ಸಿಗ್ ನಗರದಲ್ಲಿ 1879ರಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ಸ್ಥಾಪಿಸಿದ ವಿಲ್ಹೆಲ್ಮ್ ವುಂಟ್ ಎಂಬವರು ವೈದ್ಯಕೀಯ ಪದವೀಧರರೇ ಆಗಿದ್ದರು. ಅಮೆರಿಕದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ವಿಲಿಯಂ ಜೇಮ್ಸ್ ಎಂಬವರೂ 1869ರಲ್ಲಿ ಹಾರ್ವರ್ಡಿನಿಂದ ವೈದ್ಯ ಪದವಿಯನ್ನು ಪಡೆದವರು. ನಮ್ಮ ನಾಡಿನ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗವು ಆರಂಭವಾಯಿತು. ಊಹೆ ಮಾಡುವುದು, ಪ್ರಯೋಗದಿಂದ ಪರೀಕ್ಷಿಸುವುದು, ಫಲಿತಾಂಶವನ್ನು ಸಂಖ್ಯೆಗಳಿಂದ ತೂಗಿ ನೋಡುವುದು ಇವೇ ವಿಜ್ಞಾನದ ಲಕ್ಷಣಗಳಾದರೆ, ಮನಶ್ಶಾಸ್ತ್ರಕ್ಕೆ ಆ ಹೆಸರು ಸಲ್ಲತಕ್ಕದ್ದೇ.

ಆದರೆ ಗೆಳತಿಯು ಕೇಳಿದ್ದು ಶಾಸ್ತ್ರದ ಸ್ವರೂಪವನ್ನಲ್ಲ, ಅರ್ಜಿಯ ಲೆಕ್ಕವನ್ನು. ಇವೆರಡು ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ನಾನು ಕಾಣದೆ ಹೋದೆನು.

ಆ ಲೆಕ್ಕವು ಹೇಗೆ ನಡೆಯುವುದೆಂಬುದನ್ನು ನೋಡೋಣ. ನಮ್ಮ ದೇಶದಲ್ಲಿ ಪದವಿಪೂರ್ವ ಶಿಕ್ಷಣವು ಮುಗಿದೊಡನೆ ವೈದ್ಯಕೀಯ ಕಾಲೇಜನ್ನು ಸೇರಬಹುದು. ಅಮೆರಿಕದಲ್ಲಿ ಹಾಗಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿ ಶಿಕ್ಷಣವನ್ನು ಪೂರೈಸಿದ ಮೇಲೆಯೇ ವೈದ್ಯಕೀಯ ವಿದ್ಯೆ. ಪದವಿಯಲ್ಲಿ ಇಂಥದೇ ಮುಖ್ಯ ವಿಷಯವಿರಬೇಕೆಂಬ ನಿರ್ಬಂಧವಿಲ್ಲ. ಸಂಗೀತವನ್ನೋ ಚರಿತ್ರೆಯನ್ನೋ ಮನಶ್ಶಾಸ್ತ್ರವನ್ನೋ ಓದಿದವರು ಕೂಡಾ, ವೈದ್ಯಕೀಯ ಕಾಲೇಜು ಕೇಳುವ ವಿಜ್ಞಾನದ ಪಾಠಗಳನ್ನು ಜೊತೆಯಲ್ಲಿ ಪೂರೈಸಿದ್ದರೆ ಅರ್ಜಿ ಹಾಕಬಹುದು.

ಎಂ.ಡಿ. ಪದವಿ ಕೊಡುವ ಅಲ್ಲಿಯ ಕಾಲೇಜುಗಳಲ್ಲಿ ಹೆಚ್ಚಿನವಕ್ಕೆ ಎ.ಎಂ.ಸಿ.ಎ.ಎಸ್. ಎಂಬ ಒಂದೇ ಸಾಮಾನ್ಯ ಸೇವೆಯ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಅದನ್ನು ನಡಿಸುವವರು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದವರು. ಅರ್ಜಿದಾರಳು ತಾನು ಕಾಲೇಜಿನಲ್ಲಿ ಓದಿದ ಒಂದೊಂದು ಪಾಠಕ್ರಮವನ್ನೂ ಅದರಲ್ಲಿ ಬರೆದು, ಪ್ರತಿಯೊಂದಕ್ಕೂ ಒಂದು ವರ್ಗವನ್ನು ಗುರುತಿಸಬೇಕು. ಆ ಮೇಲೆ ಸೇವೆಯ ನೌಕರರು ಅದನ್ನು ಕಾಲೇಜಿನ ಅಂಕಪಟ್ಟಿಯೊಡನೆ ಹೋಲಿಸಿ ನೋಡುವರು. ವರ್ಗವು ತಪ್ಪಾಗಿ ಕಂಡುಬಂದರೆ ತಿದ್ದುವ ಅಧಿಕಾರ ಅವರಿಗುಂಟು.

ಹೀಗೆ ಪರಿಶೀಲಿಸಿದ ಬಳಿಕ ಮೂರು ಬಗೆಯ ಸರಾಸರಿ ಗುಣಾಂಕಗಳನ್ನು ತೆಗೆಯುವರು. ಮೊದಲನೆಯದು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಎಂಬ ನಾಲ್ಕರ ಸರಾಸರಿ. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಬಿ.ಸಿ.ಪಿ.ಎಂ. ಎಂದು ಕರೆಯುವರು. ಎರಡನೆಯದು ಉಳಿದೆಲ್ಲ ವಿಷಯಗಳ ಸರಾಸರಿ. ಮೂರನೆಯದು ಎಲ್ಲವೂ ಸೇರಿದ ಒಟ್ಟು ಸರಾಸರಿ. ಜನರು ವಾಡಿಕೆಯಲ್ಲಿ ವಿಜ್ಞಾನದ ಸರಾಸರಿ ಎನ್ನುವುದು ಮೊದಲನೆಯದನ್ನೇ. ಮನಶ್ಶಾಸ್ತ್ರವಾದರೋ ಸಮಾಜಶಾಸ್ತ್ರ, ಮಾನವಶಾಸ್ತ್ರ, ಅರ್ಥಶಾಸ್ತ್ರಗಳೊಡನೆ ನಡತೆ ಮತ್ತು ಸಮಾಜಗಳ ವಿಜ್ಞಾನವೆಂಬ ವರ್ಗಕ್ಕೆ ಸೇರಿದೆ. ಆದುದರಿಂದ ಅದು ಬಿ.ಸಿ.ಪಿ.ಎಂ.ನಲ್ಲಿ ಎಣಿಕೆಗೆ ಬರುವುದಿಲ್ಲ. ಎರಡನೆಯ ಮತ್ತು ಮೂರನೆಯ ಸರಾಸರಿಗಳಲ್ಲಿ ಮಾತ್ರ ಬರುವುದು.

ಇದರಿಂದ ಆಗುವ ವ್ಯತ್ಯಾಸವೆಷ್ಟು? ಗೆಳತಿಯ ಮಗಳ ಲೆಕ್ಕವನ್ನೇ, ಸಂಖ್ಯೆಗಳನ್ನು ಸುಲಭಗೊಳಿಸಿ ಹೇಳುವೆನು. ಅಲ್ಲಿ ಪ್ರತಿ ಪಾಠಕ್ರಮಕ್ಕೂ ಕ್ರೆಡಿಟ್ ಎಂಬ ತೂಕವುಂಟು. ಗುಣಾಂಕದ ಮೇಲಿನ ಮಿತಿ 4. ಅವಳಿಗೆ ವಿಜ್ಞಾನ ಮತ್ತು ಗಣಿತಗಳ 40 ಕ್ರೆಡಿಟ್‌ಗಳಲ್ಲಿ ಸರಾಸರಿ 3.4, ಮನಶ್ಶಾಸ್ತ್ರದ 20 ಕ್ರೆಡಿಟ್‌ಗಳಲ್ಲಿ ಪೂರ್ಣ 4 ಇದ್ದವೆಂದು ಇಟ್ಟುಕೊಳ್ಳಿರಿ. ಎರಡನ್ನೂ ಕೂಡಿಸಿದರೆ 60 ಕ್ರೆಡಿಟ್‌ಗಳಿಗೆ ಸರಾಸರಿ 3.6 ಆಗುವುದು. ನನ್ನ ಕಾಗದವನ್ನು ನಂಬಿ ಅವಳು ತನ್ನ ವಿಜ್ಞಾನದ ಸರಾಸರಿ 3.6 ಎಂದೇ ತಿಳಿದು, ರಸಾಯನಶಾಸ್ತ್ರದಲ್ಲಿ ತನಗಿದ್ದ ಕೊರತೆಯನ್ನು ದೊಡ್ಡದಾಗಿ ಎಣಿಸಲಿಲ್ಲ. ಅರ್ಜಿಯ ಪರಿಶೀಲನೆ ಮುಗಿದಾಗ ಮನಶ್ಶಾಸ್ತ್ರವು ಇನ್ನೊಂದು ವರ್ಗಕ್ಕೆ ಹೋಯಿತು; ಬಿ.ಸಿ.ಪಿ.ಎಂ. ಎಂಬಲ್ಲಿ 3.4 ಎಂದು ಬಂತು. ಆ ವರ್ಷ ಯಾವ ಕಾಲೇಜಿನವರೂ ಆಕೆಯನ್ನು ತೆಗೆದುಕೊಳ್ಳಲಿಲ್ಲ. ಕಾರಣ ಅದೊಂದೇ ಎಂದು ನಾನು ಹೇಳಲಾರೆ. ಆದರೆ ಸರಿಯಾದ ಮಾತನ್ನು ಎರಡು ವರ್ಷ ಮೊದಲೇ ಹೇಳಿದ್ದರೆ, ಕೊರತೆಯನ್ನು ತುಂಬಿಕೊಳ್ಳಲು ಆಕೆಗೆ ಸಮಯವಿರುತ್ತಿತ್ತು. ಗೆಳತಿಯು ನನಗೆ ಒಂದು ಕಠಿಣ ಮಾತನ್ನೂ ಬರೆಯಲಿಲ್ಲ. ಅದರಿಂದಲೇ ನನ್ನ ಮನಸ್ಸಿಗೆ ಹೆಚ್ಚು ನೋವಾಯಿತು.

ಆ ಬಳಿಕವಷ್ಟೇ ನಾನು ನಿಯಮಗಳನ್ನು ಓದಲಾರಂಭಿಸಿದೆನು. ಅವುಗಳಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಪಾಠವನ್ನು ಕಲಿಸಿದ ವಿಭಾಗ ಯಾವುದೆಂಬುದು ಮುಖ್ಯವಲ್ಲ, ಪಾಠದ ಮುಖ್ಯ ವಸ್ತು ಯಾವುದೆಂಬುದೇ ಮುಖ್ಯ. ನರವಿಜ್ಞಾನವು ಜೀವಶಾಸ್ತ್ರದ ವರ್ಗಕ್ಕೂ ಸಂಖ್ಯಾಶಾಸ್ತ್ರವು ಗಣಿತದ ವರ್ಗಕ್ಕೂ ಸೇರಿವೆ. ಆದುದರಿಂದ ಮನಶ್ಶಾಸ್ತ್ರ ವಿಭಾಗದವರೇ ಕಲಿಸಿದ್ದರೂ, ಪಾಠವೆಲ್ಲ ಮಿದುಳು, ನರಗಳು, ಅವುಗಳ ವ್ಯಾಪಾರ ಇವುಗಳ ಮೇಲೆಯೇ ಇದ್ದರೆ ಅದನ್ನು ಜೀವಶಾಸ್ತ್ರವೆಂದು ಗುರುತಿಸಲು ನ್ಯಾಯವಾದ ಕಾರಣವಿದೆ. ಸಂಖ್ಯಾಶಾಸ್ತ್ರದ ಪಾಠವನ್ನು ಗಣಿತವೆಂದು ಗುರುತಿಸಲೂ ಹಾಗೆಯೇ. ಮೇಲಿನ ಲೆಕ್ಕದಲ್ಲಿ ಇಂಥ 4 ಕ್ರೆಡಿಟ್‌ಗಳ ಒಂದೇ ಪಾಠದಿಂದ 3.4 ಇದ್ದದ್ದು ಸುಮಾರು 3.45 ಆಗುವುದು. ಪಾಠದ ವಿವರಪತ್ರವನ್ನು ಜೋಪಾನವಾಗಿ ಇಟ್ಟುಕೊಂಡರೆ, ಸೇವೆಯವರು ವರ್ಗವನ್ನು ಬದಲಿಸಿದಾಗ ಮರುಪರಿಶೀಲನೆಗೆ ಮನವಿ ಮಾಡಲು ಆಧಾರವಾಗುವುದು. ಆದರೆ ಮಕ್ಕಳ ಬೆಳವಣಿಗೆ, ವ್ಯಕ್ತಿತ್ವ, ಸಾಮಾಜಿಕ ನಡತೆ ಇತ್ಯಾದಿ ಪಾಠಗಳನ್ನು ಜೀವಶಾಸ್ತ್ರವೆಂದು ಬರೆಯುವುದು ಪ್ರಾಮಾಣಿಕತೆಯಲ್ಲ. ಅದರಿಂದ ಲಾಭವೂ ಇಲ್ಲ.

ಹೀಗಿದ್ದ ಮೇಲೆ, ಅಲ್ಲಿಯವರು ಮನಶ್ಶಾಸ್ತ್ರವನ್ನು ಕೀಳೆಂದು ಎಣಿಸುವರೆಂದು ಯಾರೂ ತಿಳಿಯಬಾರದು. ಭೂಗರ್ಭಶಾಸ್ತ್ರವು ವಿಜ್ಞಾನವಲ್ಲವೆಂದು ಹೇಳುವವರುಂಟೇ? ಅದು ಕೂಡಾ ಬಿ.ಸಿ.ಪಿ.ಎಂ.ನ ಹೊರಗೇ ಇದೆ. ಕಂಪ್ಯೂಟರ್ ವಿಜ್ಞಾನವೂ ಹಾಗೆಯೇ. ಇನ್ನು ಡಿ.ಒ. ಪದವಿ ಕೊಡುವ ಆಸ್ಟಿಯೋಪಥಿಕ್ ಕಾಲೇಜುಗಳಿಗೆ ಬೇರೊಂದು ಅರ್ಜಿ ಸೇವೆಯುಂಟು. ಅದರ ವಿಜ್ಞಾನದ ಸರಾಸರಿಯಲ್ಲಿ ಮನಶ್ಶಾಸ್ತ್ರ ಮಾತ್ರವಲ್ಲ, ಗಣಿತವೂ ಸೇರುವುದಿಲ್ಲ. ಇದು ಮನೆಯ ಸಾಮಾನುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಡುವ ಕ್ರಮದಂತೆ. ಬೆಲ್ಲವನ್ನು ಅಕ್ಕಿಯ ಡಬ್ಬಿಯಲ್ಲಿ ಹಾಕಲಿಲ್ಲವೆಂದ ಮಾತ್ರಕ್ಕೆ ಬೆಲ್ಲಕ್ಕೆ ಬೆಲೆಯಿಲ್ಲವೆಂದಾಗಲಿಲ್ಲ.

ಇದಕ್ಕೆ ಪ್ರವೇಶ ಪರೀಕ್ಷೆಯೇ ಸಾಕ್ಷಿ. ಎಂಕ್ಯಾಟ್ ಎಂಬ ಆ ಪರೀಕ್ಷೆಯನ್ನು 2015ರಲ್ಲಿ ಹೊಸದಾಗಿ ರೂಪಿಸಿದಾಗ, ನಡತೆಯ ಮಾನಸಿಕ, ಸಾಮಾಜಿಕ ಹಾಗೂ ಜೈವಿಕ ಆಧಾರಗಳೆಂಬ ಭಾಗವೊಂದನ್ನು ಸೇರಿಸಿದರು. 59 ಪ್ರಶ್ನೆಗಳು, 95 ನಿಮಿಷಗಳ ಅವಧಿ. ಅದರಲ್ಲಿ ಸುಮಾರು ನೂರಕ್ಕೆ 65 ಪಾಲು ಮನಶ್ಶಾಸ್ತ್ರ, 30 ಪಾಲು ಸಮಾಜಶಾಸ್ತ್ರ, 5 ಪಾಲು ಜೀವಶಾಸ್ತ್ರ. ಪರೀಕ್ಷೆಯ ನಾಲ್ಕು ಭಾಗಗಳಿಗೂ ಸಮಾನವಾದ ಅಂಕಗಳು. ಪ್ರತಿಯೊಂದಕ್ಕೂ 118ರಿಂದ 132ರ ವರೆಗೆ. ಹೀಗೆ ಗುಣಾಂಕದ ಪಟ್ಟಿಯಲ್ಲಿ ವಿಜ್ಞಾನದ ಸಾಲಿನಿಂದ ಹೊರಗುಳಿದ ಮನಶ್ಶಾಸ್ತ್ರವು, ಪರೀಕ್ಷೆಯಲ್ಲಿ ರಸಾಯನಶಾಸ್ತ್ರದ ಭಾಗಕ್ಕೆ ಸರಿಸಮಾನವಾದ ಭಾಗದಲ್ಲಿ ಪ್ರಧಾನ ಸ್ಥಾನದಲ್ಲಿದೆ. ರೋಗವೆಂಬುದು ದೇಹಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಮನುಷ್ಯನ ಅಭ್ಯಾಸ, ಭಯ, ಬಡತನ, ಕುಟುಂಬದ ಸ್ಥಿತಿ ಇವೆಲ್ಲವೂ ಅದರಲ್ಲಿ ಬೆರೆತಿರುವುವೆಂಬುದನ್ನು ವೈದ್ಯನು ಅರಿತಿರಬೇಕೆಂಬುದೇ ಇದರ ಕಾರಣ.

ಮನಶ್ಶಾಸ್ತ್ರವನ್ನು ಓದಿದುದರಿಂದ ಪ್ರಕೃತಿವಿಜ್ಞಾನದ ಪಾಠಗಳನ್ನು ಬಿಡಬಹುದೆಂದು ಮಾತ್ರ ತಿಳಿಯಕೂಡದು. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಪಾಠ ಸಹಿತವಾಗಿ ಒಂದೊಂದು ವರ್ಷ ಓದಿರಬೇಕೆಂದು ಅನೇಕ ಕಾಲೇಜುಗಳು ಕೇಳುವುವು. ಜೀವರಸಾಯನಶಾಸ್ತ್ರವನ್ನು ಕೇಳುವುವೂ ಬಹಳ. ಒಂದೊಂದು ಕಾಲೇಜಿನ ನಿಯಮವೂ ಬೇರೆ ಬೇರೆಯಾಗಿರುವುದರಿಂದ ಆಯಾ ಕಾಲೇಜಿನ ಪ್ರಕಟನೆಯನ್ನೇ ಓದಿ ತಿಳಿಯತಕ್ಕದ್ದು.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಪ್ರಶ್ನೆಗೆ ಉತ್ತರವು ಸರಳವೂ ಕಟ್ಟುನಿಟ್ಟಾದುದೂ ಆಗಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ, ಇವುಗಳೊಡನೆ ಇಂಗ್ಲಿಷನ್ನು ಓದಿರಬೇಕು. ಪರೀಕ್ಷೆಯ 720 ಅಂಕಗಳಲ್ಲಿ ಅರ್ಧ ಜೀವಶಾಸ್ತ್ರಕ್ಕೆ, ಉಳಿದರ್ಧ ಭೌತ ಮತ್ತು ರಸಾಯನಶಾಸ್ತ್ರಗಳಿಗೆ. ಮನಶ್ಶಾಸ್ತ್ರಕ್ಕೆ ಅಲ್ಲಿ ಸ್ಥಾನವಿಲ್ಲ. ಈ ವಿಜ್ಞಾನ ವಿಷಯಗಳ ಜೊತೆಗೆ ಮನಶ್ಶಾಸ್ತ್ರವನ್ನು ಇನ್ನೊಂದು ವಿಷಯವಾಗಿ ಓದುವ ಅನುಕೂಲವು ಸಿ.ಬಿ.ಎಸ್.ಇ. ಕ್ರಮದಲ್ಲಿ, ಅದನ್ನು ಕಲಿಸುವ ಶಾಲೆಗಳಲ್ಲಿ ಉಂಟು. ಆದರೆ ಅವುಗಳಲ್ಲಿ ಒಂದರ ಬದಲಿಗೆ ಅದು ನಿಲ್ಲಲಾರದು. ಕಲಾವಿಭಾಗದಲ್ಲಿ ಮನಶ್ಶಾಸ್ತ್ರವನ್ನು ಓದಿ, ಅದರ ಬಲದಿಂದಲೇ ವೈದ್ಯಕೀಯಕ್ಕೆ ಹೋಗಬಹುದೆಂದು ನಂಬಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಹತ್ತನೆಯ ತರಗತಿ ಮುಗಿದು ವಿಷಯಗಳನ್ನು ಆರಿಸುವ ಆ ಕೆಲವು ದಿನಗಳಲ್ಲಿಯೇ ಹೆತ್ತವರು ಇದನ್ನು ವಿಚಾರಿಸಬೇಕು.

ಮನಸ್ಸಿನ ರೋಗಗಳಿಗೆ ಚಿಕಿತ್ಸೆ ಮಾಡಬೇಕೆಂಬ ಆಸೆಯುಳ್ಳ ಹುಡುಗಿಯರಿಗೆ ಇನ್ನೊಂದು ಮಾತನ್ನು ಹೇಳಬೇಕು. ಅದಕ್ಕೆ ಎರಡು ದಾರಿಗಳುಂಟು. ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗಶಾಸ್ತ್ರದಲ್ಲಿ ಎಂ.ಡಿ. ಪಡೆಯುವುದು ಒಂದು, ಮನಶ್ಶಾಸ್ತ್ರದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದು ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ ಹೊಂದುವುದು ಇನ್ನೊಂದು. ಔಷಧ ಬರೆಯುವ ಅಧಿಕಾರವು ಮೊದಲನೆಯವರಿಗೆ. ಮಾತುಕತೆಯ ಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳಲ್ಲಿ ವಿಶೇಷ ಪರಿಣತಿ ಎರಡನೆಯವರಿಗೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತಷ್ಟೆ. ಅಲ್ಲಿ ಈ ಎರಡು ದಾರಿಗಳಿಂದ ಬಂದವರೂ ಒಂದೇ ಸೂರಿನ ಕೆಳಗೆ ರೋಗಿಗಳ ಸೇವೆ ಮಾಡುತ್ತಿರುವರು. ವೈದ್ಯಕೀಯದ ಬಾಗಿಲು ತೆರೆಯಲಿಲ್ಲವೆಂದು ಆ ಆಸೆಯನ್ನೇ ಬಿಟ್ಟುಬಿಡಬೇಕಾದುದಿಲ್ಲ.

ಗೆಳತಿಯ ಮಗಳ ವಿಷಯವನ್ನು ತಿಳಿಯಲು ವಾಚಕರು ಅಪೇಕ್ಷಿಸಬಹುದು. ಅವಳು ಮತ್ತೊಂದು ವರ್ಷ ಕಾಲೇಜಿನಲ್ಲಿದ್ದು, ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮೊದಲಾದ ಪಾಠಗಳನ್ನು 12 ಕ್ರೆಡಿಟ್‌ಗಳಷ್ಟು ಓದಿ, ಎಲ್ಲದರಲ್ಲಿಯೂ ಪೂರ್ಣ ಗುಣಾಂಕ ಪಡೆದಳು. ಅದರಿಂದ 3.4 ಇದ್ದದ್ದು 3.54ರ ಸಮೀಪಕ್ಕೆ ಬಂತು. ಈ ವರ್ಷ ಪುನಃ ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಮನಶ್ಶಾಸ್ತ್ರವನ್ನು ಓದಿದ್ದಕ್ಕೆ ಆಕೆಗೆ ಪಶ್ಚಾತ್ತಾಪವೇನೂ ಇಲ್ಲವಂತೆ. ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ವೃದ್ಧರ ಬಳಿಯಲ್ಲಿ ಕುಳಿತಿರುವಾಗ ಆ ವಿದ್ಯೆಯೇ ಹೆಚ್ಚಾಗಿ ಒದಗುವುದೆಂದು ತಾಯಿಗೆ ಹೇಳಿದ್ದಾಳೆ.

ಈಗ ಯಾರಾದರೂ ನನ್ನಿಂದ ಇಂಥ ಸಲಹೆ ಕೇಳಿದರೆ, ನಾನು ಮೊದಲು ಕೇಳುವ ಪ್ರಶ್ನೆ ಇದು: ಯಾವ ದೇಶದಲ್ಲಿ, ಯಾವ ಕಾಲೇಜಿಗೆ, ಯಾವ ಲೆಕ್ಕಕ್ಕಾಗಿ? ಆ ಮೇಲೆ ಅವರ ನಿಯಮಗಳನ್ನು ಅವರೇ ಓದಬೇಕೆಂದು ಹೇಳಿ, ನಾನೂ ಓದಿದ ನಂತರವೇ ಉತ್ತರ ಬರೆಯುತ್ತೇನೆ. ಉತ್ತರವು ಒಂದು ವಾರ ತಡವಾಗಬಹುದು. ಆದರೆ ತಡವಾದ ಉತ್ತರಕ್ಕಿಂತ ತಪ್ಪಾದ ಉತ್ತರವು ಮಕ್ಕಳಿಗೆ ಹೆಚ್ಚು ನಷ್ಟವನ್ನುಂಟುಮಾಡುವುದು. ಮಗಳಿಗೆ ಮನಶ್ಶಾಸ್ತ್ರದಲ್ಲಿ ಪ್ರೀತಿಯಿದ್ದರೆ ಅವಳು ಅದನ್ನು ಧಾರಾಳವಾಗಿ ಓದಲಿ. ಆ ಪ್ರೀತಿಯ ಜೊತೆಗೆ ಲೆಕ್ಕವನ್ನೂ ಸಕಾಲದಲ್ಲಿ ತಿಳಿಸಿಕೊಡುವುದು, ಹೆತ್ತವರಾದ ನಿಮ್ಮ ಮತ್ತು ಶಿಕ್ಷಕಿಯರಾದ ನಮ್ಮ ಕರ್ತವ್ಯ.