ನಾಯಿ ಕೊಡುವವರ ನೂರೆಂಟು ಪ್ರಶ್ನೆ

ದುಡ್ಡು ಎಣಿಸಿದರೆ ಲ್ಯಾಬ್ರಡಾರ್ ಮರಿ ಸಂಜೆಯೊಳಗೆ ಮನೆಗೆ ಬರುತ್ತದೆ. ಬೀದಿಯಿಂದ ಎತ್ತಿ ತಂದ ನಾಟಿ ನಾಯಿಯನ್ನು ಸಾಕುತ್ತೇವೆ ಎಂದರೆ ಮಾತ್ರ ಅರ್ಜಿ ತುಂಬಬೇಕು, ಗುರುತಿನ ಚೀಟಿ ಕೊಡಬೇಕು, ವಿಡಿಯೊ ಕರೆಯಲ್ಲಿ ಮನೆಯ ಮೂಲೆಮೂಲೆ ತೋರಿಸಬೇಕು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಿವೆ, ನಾಲ್ಕೈದು ಗೆಳೆಯರು ಸೇರಿ ನಡೆಸುವ ವಾಟ್ಸ್ಆ್ಯಪ್ ಗುಂಪುಗಳೂ ಇವೆ. ಎಲ್ಲಿ ಹೋದರೂ ಪ್ರಶ್ನೆಗಳು ತಪ್ಪುವುದಿಲ್ಲ. ‘ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ’ ಎಂದು ಮೊದಲ ಸಲ ಹೋದವರು ಸಿಡುಕುವುದು ಮಾಮೂಲು.

ಆದರೆ ಆ ಪ್ರಶ್ನೆಗಳಲ್ಲಿ ಒಂದೂ ಸುಮ್ಮನೆ ಕೇಳಿದ್ದಲ್ಲ. ‘ಮನೆಯಲ್ಲಿ ಮೊದಲು ನಾಯಿ ಇತ್ತೇ? ಏನಾಗಿ ಸತ್ತಿತು?’ ಎಂದು ಕೇಳುತ್ತಾರೆ. ಗಾಯಕ್ಕೆ ಉಪ್ಪು ಸವರಿದಂತೆ ಅನಿಸಬಹುದು. ಆದರೆ ಅದು ಪಾರ್ವೊ ವೈರಾಣುವಿನಿಂದ ಸತ್ತಿದ್ದರೆ ಆ ವೈರಾಣು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ; ಲಸಿಕೆ ಪೂರ್ತಿಯಾಗದ ಮರಿಯನ್ನು ಅಲ್ಲಿಗೆ ಕಳಿಸುವುದೆಂದರೆ ಸಾಯಲು ಕಳಿಸಿದ ಹಾಗೆಯೇ. ಬಾಲ್ಕನಿಯ ಕಂಬಿಗಳ ನಡುವೆ ಎಷ್ಟು ಜಾಗವಿದೆ ಎಂದು ಕೇಳುವುದಕ್ಕೂ ಅಂಥದ್ದೇ ಕಾರಣ. ಇನ್ನು ಬಾಡಿಗೆ ಮನೆಯವರಿಗೆ ಮಾಲೀಕರ ಒಪ್ಪಿಗೆ ಪತ್ರ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ನಿಜ. ಆದರೆ ಓನರ್ ಮುಖ ಕೆಂಪಾದ ದಿನ ಆ ಸುತ್ತೋಲೆ ಹಿಡಿದು ವಾದಿಸುವ ಬಾಡಿಗೆದಾರರನ್ನು ನಾನಂತೂ ಕಂಡಿಲ್ಲ. ನಾಯಿ ಮತ್ತೆ ಬೀದಿಗೆ ಬೀಳುವುದು ಹೆಚ್ಚಾಗಿ ಇಂಥ ಕಡೆಯಲ್ಲೇ.

ಎಲ್ಲರಿಗೂ ಮರಿಯೇ ಬೇಕು. ಮೊದಲ ಸಲದವರಿಗೆ ನನ್ನ ಸಲಹೆ ತದ್ವಿರುದ್ಧ: ಎರಡು–ಮೂರು ವರ್ಷದ ನಾಯಿ ತನ್ನಿ. ಮರಿ ಮುಂದೆ ಹೇಗಾಗುತ್ತದೋ ಬಲ್ಲವರಿಲ್ಲ. ಬೆಳೆದ ನಾಯಿ ಮಕ್ಕಳಿಗೆ ಹೊಂದುತ್ತದೆಯೇ, ಬೆಕ್ಕನ್ನು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆಯೇ ಎಂಬುದನ್ನು ಅದನ್ನು ತಾತ್ಕಾಲಿಕವಾಗಿ ಇಟ್ಟುಕೊಂಡ ಫಾಸ್ಟರ್ ಮನೆಯವರೇ ಹೇಳುತ್ತಾರೆ. ಬೀದಿಯಿಂದ ಬಂದದ್ದಾದರೆ ಕಿವಿ ನೋಡಿ; ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ, ರೇಬಿಸ್ ಲಸಿಕೆಯೂ ಒಮ್ಮೆ ಬಿದ್ದಿದೆ ಎಂದು ಅರ್ಥ. ವರ್ಷಕ್ಕೊಮ್ಮೆ ಅದನ್ನು ಹಾಕಿಸುತ್ತ ಹೋಗುವುದು ನಿಮ್ಮ ಪಾಲಿನ ಕೆಲಸ. ಜೊತೆಗೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆಯಿಂದ ಬರುವ ಜ್ವರ ನಮ್ಮಲ್ಲಿ ಸಾಮಾನ್ಯ, ಮೇಲುನೋಟಕ್ಕೆ ತಿಳಿಯುವುದಿಲ್ಲ. ಪ್ಲೇಟ್‌ಲೆಟ್ ಕುಸಿದ ಮೇಲೆ ಓಡಾಡುವಂತಾಗುತ್ತದೆ.

ಮನೆಗೆ ಬಂದ ದಿನ ನೆಂಟರನ್ನೆಲ್ಲ ಕರೆದು ತೋರಿಸುವ ಉಮೇದು ಬೇಡ. ಬೀದಿಯ ಮಣ್ಣು, ಶೆಲ್ಟರಿನ ಸಿಮೆಂಟು ಬಿಟ್ಟರೆ ಬೇರೆ ನೆಲ ಮೆಟ್ಟದ ನಾಯಿಗೆ ನಮ್ಮ ಹೊಳೆಯುವ ಟೈಲ್ಸ್ ಮೇಲೆ ಕಾಲು ನಿಲ್ಲುವುದಿಲ್ಲ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ, ಉಗುರು ಕೀರಿ, ಹೊಸ್ತಿಲಲ್ಲೇ ಕೂತುಬಿಡುತ್ತದೆ. ಹಳೇ ಜಮಖಾನ ಹಾಸಿ ದಾರಿ ಮಾಡಿಕೊಟ್ಟರೆ ಸಾಕು. ಕುಕ್ಕರ್ ಸೀಟಿ ಹೊಡೆದರೆ ಮಂಚದಡಿ ಸೇರುತ್ತದೆ, ಎಳೆಯಬೇಡಿ. ಹಗಲೆಲ್ಲ ಮುಟ್ಟದ ಊಟದ ತಟ್ಟೆ ಎಲ್ಲರೂ ಮಲಗಿದ ಮೇಲೆ ಖಾಲಿಯಾಗುತ್ತದೆ. ರೆಸ್ಕ್ಯೂ ಮಂದಿ ‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಎಂದು ಲೆಕ್ಕ ಹೇಳುತ್ತಾರೆ: ಭಯ ಇಳಿಯಲು, ದಿನಚರಿ ಹಿಡಿಯಲು, ಮನೆ ತನ್ನದೆನ್ನಲು. ಲೆಕ್ಕ ಒರಟು, ಆದರೆ ಅವಸರದವರಿಗೆ ಬೇಕಾದ್ದೇ. ವಾಕಿಂಗಿಗೆ ಮೊದಮೊದಲು ಕೊರಳಪಟ್ಟಿ, ಎದೆಪಟ್ಟಿ ಎರಡಕ್ಕೂ ಹಗ್ಗ ಹಾಕಿ. ಬೆಚ್ಚಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಳ್ಳುವುದು ಕ್ಷಣದ ಮಾತು. ದೀಪಾವಳಿ ಹೊಸ್ತಿಲಲ್ಲಂತೂ ಹೊಸ ನಾಯಿ ತರಲೇಬೇಡಿ.

ಹೊಂದಲೇ ಇಲ್ಲವೆಂದರೆ? ಒಪ್ಪಂದದ ಕಾಗದದಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ, ನಾಯಿಯನ್ನು ಕೊಟ್ಟ ತಂಡಕ್ಕೇ ಮರಳಿಸಬೇಕು ಎಂದು. ಮುಜುಗರಕ್ಕೆ ಫೋನ್ ಮಾಡದೆ ಊರಾಚೆ ಇಳಿಸಿ ಬರುವವರಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಫೋನ್ ಮಾಡಿದರೆ ಎರಡು ಮಾತು ಬೈಯಬಹುದು, ಆದರೂ ಬೇರೆ ಫಾಸ್ಟರ್ ಮನೆ ಹುಡುಕಲು ಶುರು ಮಾಡುತ್ತಾರೆ.