ತೊಗರಿ ಹೊಲಕ್ಕೂ ದೇಶ-ದೇಶಗಳ ಸಹಕಾರಕ್ಕೂ ಏನು ನಂಟು?

ಪ್ರಶ್ನೆ: ಕೃಷಿಯಲ್ಲಿ ಅಂತರರಾಷ್ಟ್ರೀಯ ಸಹಕಾರ ಎಂದು ಓದುತ್ತೇವೆ. ಅದರಿಂದ ನಮ್ಮಂಥ ರೈತರಿಗೆ ಏನು ಸಿಕ್ಕಿದೆ? – ಓದುಗರು, ಬೇಮಳಖೇಡ

ಉತ್ತರ: ನಿಮ್ಮ ತೊಗರಿಯನ್ನೇ ನೋಡಿ. ಹೂವು, ಕಾಯಿ ಬರುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದರೆ ಅದು ನೆಟೆ ರೋಗ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಇದಕ್ಕೆ ಕಾರಣವಾದ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ.

ಈ ರೋಗ ತಡೆಯುವ ತಳಿಗಳ ಹುಡುಕಾಟ ನಡೆದದ್ದು ದೂರದಲ್ಲೇನಲ್ಲ. ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಹಲವು ದೇಶಗಳ ನೆರವಿನಿಂದ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇರುವುದು ಅಲ್ಲೇ. ಅದರ ಬೀಜ ಭಂಡಾರದಲ್ಲಿ ಹಲವಾರು ದೇಶಗಳ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ವಿಜ್ಞಾನಿಗಳು ಬೇಕೆಂದೇ ರೋಗ ತುಂಬಿದ ಮಣ್ಣಿನಲ್ಲಿ ತಳಿಗಳನ್ನು ಬಿತ್ತಿ, ಬದುಕುಳಿದವನ್ನು ಆರಿಸಿದರು. ಹಾಗೆ ಬಂದ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕೀನ್ಯಾ ಮೂಲದ ಇನ್ನೊಂದು ನಿರೋಧಕ ತಳಿ ಮಲಾವಿಯ ರೈತರಿಗೆ ನೆರವಾಯಿತು.

2009ರಲ್ಲಿ ರಾಜ್ಯ ಸರ್ಕಾರ ಇದೇ ಸಂಸ್ಥೆಯ ಜೊತೆ ‘ಭೂಚೇತನ’ ಯೋಜನೆ ಆರಂಭಿಸಿತು. ಮಣ್ಣು ಪರೀಕ್ಷಿಸಿ ಸತು, ಬೋರಾನ್, ಗಂಧಕದ ಕೊರತೆ ಗುರುತಿಸಿ, ಬೇಕಾದಷ್ಟೇ ಹಾಕಲು ಹೇಳಿದ್ದು ಅದರ ತಿರುಳು. ಜಾಣ ಕೃಷಿ (ಸ್ಮಾರ್ಟ್ ಫಾರ್ಮಿಂಗ್) ಎನ್ನುತ್ತಾರಲ್ಲ, ಅದು ಮೊದಲಿಗೆ ಇದೇ. ಡ್ರೋನ್, ಮೊಬೈಲ್ ಆಮೇಲಿನವು.

ಹೊರಗಿನ ಜ್ಞಾನ ಫಲ ಕೊಡುವುದು ನಮ್ಮ ಕೈ ಸೇರಿದಾಗ ಮಾತ್ರ. ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಲೇಪಿಸಿ. ನೆಟೆ ಬಿದ್ದ ಹೊಲದಲ್ಲಿ ಮುಂದಿನ ವರ್ಷ ಜೋಳ ಹಾಕಿ. ಮಣ್ಣು ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರದಲ್ಲಿ ತಪ್ಪದೆ ವಿಚಾರಿಸಿ.