ದುಡಿಮೆಯ ನಡುವೆ ಲಿಂಗದ ನೆನಹು

‘ಬುದ್ಧೀ, ಪೂಜೆಗೆ ಹೊತ್ತೇ ಸಿಗುವುದಿಲ್ಲ’ ಎಂಬುದು ಮಠಕ್ಕೆ ಬರುವ ಭಕ್ತರಿಂದ ನಾವು ಮೇಲಿಂದ ಮೇಲೆ ಕೇಳುವ ಮಾತು. ಈಚೆಗೆ ದರ್ಶನಕ್ಕೆ ಬಂದ ರೈತರೊಬ್ಬರು ಇದನ್ನೇ ಹೇಳಿ ಕಣ್ಣೀರು ತಂದರು. ತಂದೆ ಲಿಂಗೈಕ್ಯರಾದ ಮೇಲೆ ಹೊಲಮನೆ, ಸಾಲಸೋಲ, ಮಕ್ಕಳ ಓದು ಎಲ್ಲವೂ ಅವರ ಹೆಗಲ ಮೇಲೆ ಬಿದ್ದಿವೆ. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಬೇಕು, ಬೆಳಗಾದರೆ ಪೇಟೆಗೆ ಓಡಬೇಕು. ‘ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಕೊರಳ ಲಿಂಗವನ್ನು ತೆಗೆದು ಜಗಲಿಯ ಮೇಲಿಟ್ಟಿದ್ದೇನೆ. ಸೋಮವಾರಕ್ಕೊಮ್ಮೆ ಪೂಜೆ. ನಾನು ಲಿಂಗವಂತ ಹೌದೋ ಅಲ್ಲವೋ?’ ಎಂದು ಕೇಳಿದರು.

ಗದರಿಸಬೇಕೆಂದಿದ್ದ ನಾವು ಸುಮ್ಮನಾದೆವು. ಅಂದು ಬೆಳಿಗ್ಗೆ ಸಮಾರಂಭವೊಂದಕ್ಕೆ ನಮ್ಮನ್ನು ಕರೆದೊಯ್ಯಲು ಕಾರು ಬಾಗಿಲಲ್ಲಿ ನಿಂತಿತ್ತು. ಅಂಗೈಯಲ್ಲಿ ಲಿಂಗವಿದ್ದರೂ ನಮ್ಮ ಮನಸ್ಸು ಗಡಿಯಾರದಲ್ಲಿತ್ತು. ಲಿಂಗವನ್ನು ಜಗಲಿಯ ಮೇಲಿಟ್ಟ ಅವರಿಗೂ ನಮಗೂ ಅಂದು ಎಷ್ಟು ಅಂತರ?

ಸದ್ಭಕ್ತರೇ, ವೀರಶೈವ ಧರ್ಮದಲ್ಲಿ ಶ್ರೀಗುರುವು ದೀಕ್ಷೆಯ ಕಾಲದಲ್ಲಿ ಇಷ್ಟಲಿಂಗವನ್ನು ಕರುಣಿಸಿ, ಅಂಗದ ಮೇಲೆ ಸದಾ ಧರಿಸಲು ಅಪ್ಪಣೆ ಮಾಡುತ್ತಾನೆ. ದೇವರು ದೂರದ ಗುಡಿಯಲ್ಲಿದ್ದರೆ ಹೋಗಿ ಬರಲು ಬಿಡುವು ಬೇಕು. ಎದೆಯ ಮೇಲಿರುವ ದೇವರಿಗೆ ಬೇಕಾದುದು ಅರಿವು. ಶಿವಯೋಗಿ ಶಿವಾಚಾರ್ಯರ ಶ್ರೀ ಸಿದ್ಧಾಂತ ಶಿಖಾಮಣಿಯಲ್ಲಿ ಬರುವ 101 ಸ್ಥಲಗಳಲ್ಲಿ ಲಿಂಗಧಾರಣ ಸ್ಥಲವು ಆರಂಭದ ಭಕ್ತಸ್ಥಲದಲ್ಲಿಯೇ ಇದೆ. ಹೊರಗೆ ಧರಿಸಿದ ಇಷ್ಟಲಿಂಗವೇ ಒಳಗಿನ ಪ್ರಾಣಲಿಂಗ, ಭಾವಲಿಂಗಗಳಿಗೆ ಬಾಗಿಲು. ಆ ಬಾಗಿಲನ್ನೇ ಮುಚ್ಚಿಟ್ಟು ಒಳಗೆ ಹೋಗುವುದೆಂತು?

12ನೆಯ ಶತಮಾನದ ಶರಣ ನುಲಿಯ ಚಂದಯ್ಯನ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಲಿಂಗ ಕಳಚಿ ಬಿತ್ತು. ಕಾಯಕವೇ ಹೆಚ್ಚೆಂದು ಅವನು ಅದನ್ನು ಎತ್ತಿಕೊಳ್ಳದೆ ನಡೆದ. ಲಿಂಗವೇ ಅವನ ಬೆನ್ನು ಹತ್ತಿತು. ಕೊನೆಗೆ ಮಡಿವಾಳ ಮಾಚಯ್ಯ, ಅಲ್ಲಮಪ್ರಭುಗಳು ಅವನಿಗೆ ತಿಳಿಹೇಳಬೇಕಾಯಿತು. ‘ಕಾಯಕವಿದ್ದರೆ ಸಾಕು, ಲಿಂಗವೇಕೆ?’ ಎನ್ನುವವರು ಈ ಕಥೆಯನ್ನು ಅರ್ಧ ಕೇಳಿದವರು. ದುಡಿದುದೆಲ್ಲವನ್ನೂ ದಾಸೋಹಕ್ಕೆ ಸಲ್ಲಿಸಿದ ಚಂದಯ್ಯನಿಗೇ ಹಿರಿಯ ಶರಣರು ಲಿಂಗವನ್ನು ಬಿಡಗೊಡಲಿಲ್ಲ. ನಮ್ಮ ಓಟವೆಲ್ಲ ನಮ್ಮ ಹೊಟ್ಟೆಗಾಗಿ. ನಮಗೆ ರಿಯಾಯಿತಿ ಎಲ್ಲಿಯದು?

ಎತ್ತಿನ ಕೂರಿಗೆಯಲ್ಲಿ ಬಿತ್ತಿದ ತಾಯಂದಿರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಕಾಲು ನಡೆಯುತ್ತಿತ್ತು, ಬಾಯಿ ಮಾತಾಡುತ್ತಿತ್ತು. ಮುಷ್ಟಿಯಿಂದ ಕಾಳು ಮಾತ್ರ ಎಡೆಬಿಡದೆ ಬಟ್ಟಲಿಗೆ ಉದುರುತ್ತಿತ್ತು. ಕೈ ಒಂದಿಷ್ಟು ತಡೆದರೆ ಅಂದು ಯಾರಿಗೂ ತಿಳಿಯದು. ಮೊಳಕೆ ಎದ್ದಾಗ ಸಾಲಿನಲ್ಲಿ ಬಯಲು ಕಾಣುತ್ತಿತ್ತು. ಶಿವನ ನೆನಹೂ ಹಾಗೆಯೇ. ಮರೆತ ದಿನ ಏನೂ ಆಗದು. ಮಳೆ ಕೈಕೊಟ್ಟಾಗ, ಮನೆಯಲ್ಲಿ ಸಾವಾದಾಗ ಮನಸ್ಸಿನ ಬಯಲು ಕಾಣುತ್ತದೆ.

ಆದುದರಿಂದ ಸ್ನಾನವಾದೊಡನೆ ಭಸ್ಮ ಧರಿಸಿ, ಲಿಂಗವನ್ನು ಅಂಗೈಗೆ ತಂದು, ಮೊಬೈಲನ್ನು ದೂರವಿಟ್ಟು, ಐದೇ ನಿಮಿಷವಾದರೂ ದೃಷ್ಟಿ ನೆಡಿರಿ. ಉಣ್ಣುವ ಮುನ್ನ ಲಿಂಗಕ್ಕೆ ಅರ್ಪಿಸಿರಿ, ಅನ್ನ ಪ್ರಸಾದವಾಗುತ್ತದೆ. ನೀರು ಕಟ್ಟುತ್ತ ಬದುವಿನ ಮೇಲೆ ಕುಳಿತಾಗ ಪಂಚಾಕ್ಷರಿಯನ್ನು ಜಪಿಸಿರಿ. ತಕ್ಕಡಿ ಹಿಡಿಯುವ ಮುಂಚೆ ಎದೆಯ ಲಿಂಗವನ್ನೊಮ್ಮೆ ಮುಟ್ಟಿಕೊಳ್ಳಿರಿ. ತೂಕದಲ್ಲಿ ಮೋಸ ಮಾಡಲು ಕೈ ಬಾರದು. ಇದಕ್ಕೆ ಬೇರೆ ಹೊತ್ತು ಬೇಕಿಲ್ಲ. ಇರುವ ಹೊತ್ತೇ ಶಿವನ ಹೊತ್ತಾಗುತ್ತದೆ.

ಆ ರೈತರಿಗೆ ಹೊಸ ಶಿವದಾರ ಕೊಟ್ಟು, ‘ಬಿಟ್ಟ ದಿನಗಳ ಲೆಕ್ಕ ಹಾಕುತ್ತ ಕೂರಬೇಡಿ. ನಾಳೆ ಬೆಳಿಗ್ಗೆ ಲಿಂಗವನ್ನು ಜಗಲಿಯಿಂದ ಕೊರಳಿಗೆ ತನ್ನಿ’ ಎಂದೆವು. ಮರುದಿನ ನಮ್ಮ ಪೂಜಾಕೋಣೆಯ ಗಡಿಯಾರವನ್ನೂ ಹೊರಗಿಡಿಸಿದೆವು.

ದುಡಿಯುವ ಕೈಗಳಿಗೆ ಬಲವೂ, ಕೊರಳಿಗೆ ಲಿಂಗವೂ, ಮನಕ್ಕೆ ಅದರ ನೆನಹೂ ತಪ್ಪದಿರಲೆಂದು ಸಕಲ ಸದ್ಭಕ್ತರನ್ನು ಆಶೀರ್ವದಿಸುತ್ತೇವೆ.